ಗಾಜಿನ ಕೂಸಿಗೆ ನೀರು

ಹೆಂಡತಿಯ ಹೆಣ ಜಗಲಿಯ ಮೇಲಿರುವಾಗ ಒಂದು ಲೋಟ ನೀರಿಗೋಸ್ಕರ ಗಂಡನಾದವನು ಹೆಂಗಸರಿಗೆ ಅಡ್ಡ ನಿಂತ ಅಂದರೆ ಯಾರು ತಾನೆ ಸುಮ್ಮನಿರುತ್ತಾರೆ? ಮಂಡ್ಯದ ನಾಲೆ ಕಚೇರಿಯ ಹಿಂದಿನ ಸಾಲುಮನೆಯವರೂ ಸುಮ್ಮನಿರಲಿಲ್ಲ. ಅಂಕಯ್ಯನ ಎದೆ ಕಲ್ಲು ಅಂತ ಅವತ್ತೇ ತೀರ್ಮಾನವಾಗಿಹೋಯಿತು. ತೀರ್ಮಾನ ಮಾಡುವುದಕ್ಕೆ ನಮ್ಮ ಜನಕ್ಕೆ ಎಷ್ಟು ಹೊತ್ತು ಬೇಕು ಹೇಳಿ? ಎಲೆಗೆ ಸುಣ್ಣ ಸವರುವಷ್ಟು ಹೊತ್ತು ಸಾಕು.

ನಡೆದದ್ದು ಇಷ್ಟು. ಸಾವಾದ ಮನೆಯಲ್ಲಿ ನಿಂತ ನೀರು ಇರಕೂಡದು. ಉಸಿರು ಹೋದ ಗಳಿಗೆಯಲ್ಲಿ ಮನೆಯೊಳಗೆ ಯಾವ ನೀರಿತ್ತೋ, ಹಂಡೆಯದಾಗಲಿ ಚೆಂಬಿನದಾಗಲಿ, ಎಲ್ಲವನ್ನೂ ಚೆಲ್ಲಿ ಪಾತ್ರೆಗಳನ್ನು ಬೋರಲು ಹಾಕಬೇಕು. ಇಲ್ಲವಾದರೆ ಹೋದ ಜೀವ ಬಾಯಾರಿಕೊಂಡು ಆ ನೀರಿನ ಸುತ್ತಲೇ ಸುತ್ತುತ್ತದೆ, ದಾರಿ ಹಿಡಿಯುವುದಿಲ್ಲ ಅಂತ ನಂಬಿಕೆ. ಮಲ್ಲಿಗಮ್ಮ ಚಳಿಜ್ವರದಲ್ಲಿ ತೀರಿಕೊಂಡಾಗ ಅವಳ ತಾಯಿ ದೊಡ್ಡತಾಯಮ್ಮ ಅಲ್ಲೇ ಇದ್ದಳು. ಮಗಳಿಗೆ ಮೈ ಸುಡುತ್ತಿದೆ ಅಂತ ಕೇಳಿ ಕೊಪ್ಪದಿಂದ ಓಡಿ ಬಂದಿದ್ದಳು. ಆಕೆಯೇ ಅಳುತ್ತಾ ಅಳುತ್ತಾ ಹಂಡೆ ಬಗ್ಗಿಸಿದಳು, ಗಡಿಗೆ ಬಗ್ಗಿಸಿದಳು, ಕಡೆಗೆ ಒಲೆಯ ಪಕ್ಕದ ಗೂಡಿನಲ್ಲಿದ್ದ ಗಾಜಿನ ಲೋಟಕ್ಕೆ ಕೈ ಹಾಕಿದಳು. ಬೆಳಗಿನಿಂದ ಬಾಯಿ ಬಿಡದಿದ್ದ ಅಂಕಯ್ಯ ಆಗ ಎದ್ದು ಬಂದ.

“ಅದ ಮುಟ್ಟಬ್ಯಾಡಿ ಅತ್ತೆ.”

“ಯಾಕಪ್ಪ ಮುಟ್ಟಬಾರ್ದು? ಎಂಡ್ರು ಓದ್ಲು. ಇನ್ಯಾರಿಗೆ ಮಡಗ್ತೀಯ ನೀರ?”

“ಅದು ಒಣಗ್ಬಾರ್ದು. ಒಣಗಿದ್ರೆ ಕೆಟ್ಟೋಯ್ತದೆ.”

ದೊಡ್ಡತಾಯಮ್ಮ ಅಳುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. ಆಮೇಲೆ ಹೊರಗೆ ಹೋಗಿ ಬಂದವರಿಗೆಲ್ಲ ಹೇಳಿದಳು. ಹೇಳದೆ ಇರುತ್ತಾಳೆಯೆ?

ಆ ಲೋಟದಲ್ಲಿ ಏನಿತ್ತು ಅಂತ ಹೇಳದಿದ್ದರೆ ನೀವೂ ಅಂಕಯ್ಯನನ್ನು ಬೈಯುತ್ತೀರಿ. ನಾಲೆ ಕಚೇರಿಗೆ ಸೇರಿದ ಹಾಗೆ ನೀರು ಪರೀಕ್ಷೆಯ ಕೊಠಡಿ ಒಂದಿತ್ತು. ಸಾಹೇಬರು ನಜೀರ್ ಅಹ್ಮದ್, ಆಳು ಅಂಕಯ್ಯ, ಇಬ್ಬರೇ. ಇಬ್ಬರಿಗೂ ಮೇಲೆ ಒಂದು ಮರದ ಪೆಟ್ಟಿಗೆ. ಅದರ ಮುಖದಲ್ಲಿ ಗಡಿಯಾರದಲ್ಲಿರುವಂಥ ಒಂದು ಮುಳ್ಳು, ಹೊಟ್ಟೆಯಲ್ಲಿ ಬ್ಯಾಟರಿ. ಪೆಟ್ಟಿಗೆಯಿಂದ ಹೊರಟ ತಂತಿಯ ಕೊನೆಗೆ ಒಂದು ಗಾಜಿನ ಕೊಳವೆ, ಕೊಳವೆಯ ತುದಿಗೆ ಗೋಲಿಗಿಂತ ಚಿಕ್ಕದಾದ, ನೀರಗುಳ್ಳೆಯಷ್ಟು ತೆಳುವಾದ ಬುರುಡೆ. ಅದನ್ನು ಯಾವುದಾದರೂ ನೀರಿನಲ್ಲಿ ಅದ್ದಿದರೆ ಆ ನೀರಿನೊಳಗಿನ ಅಯಾನುಗಳ ಗುಟ್ಟನ್ನು ಮುಳ್ಳು ಹೇಳುತ್ತಿತ್ತು. ಏಳರ ಮೇಲೆ ನಿಂತರೆ ನ್ಯಾಯವಾದ ನೀರು, ಅದಕ್ಕಿಂತ ಇಳಿದರೆ ಹುಳಿ, ಏರಿದರೆ ಸವುಳು. ನಾಲೆ ಬಂದು ಗದ್ದೆಯಾದ ಮೇಲೆ ಎಷ್ಟೋ ಕಡೆ ನೆಲ ಸವುಳೆದ್ದಿತ್ತು, ಹಾಗಾಗಿ ಪೆಟ್ಟಿಗೆಗೆ ಕೈತುಂಬ ಕೆಲಸ.

ಆ ಬುರುಡೆಯ ಉಪಚಾರ ಮಾತ್ರ ಬಾಣಂತಿಯ ಉಪಚಾರ. ಕೆಲಸವಿರಲಿ ಬಿಡಲಿ, ಅದು ಒಂದು ಗಳಿಗೆಯೂ ಒಣಗಕೂಡದು, ಲೋಟದ ನೀರಿನಲ್ಲಿ ಮುಳುಗಿಯೇ ಇರಬೇಕು. ಬೆರಳು ತಾಗಿಸಕೂಡದು, ಬಟ್ಟೆಯಿಂದ ಉಜ್ಜಕೂಡದು, ಒತ್ತುಕಾಗದದ ಅಂಚನ್ನು ಮುಟ್ಟಿಸಿ ಹನಿ ಹೀರಿಸಬೇಕು ಅಷ್ಟೆ. ಲೋಟಕ್ಕೆ ಹಾಕುವುದು ಬಾವಿಯ ನೀರಲ್ಲ, ಬಟ್ಟಿ ಇಳಿಸಿದ ನೀರು. ಶುಕ್ರವಾರ ಶುಕ್ರವಾರ ಹಳೆಯದನ್ನು ಚೆಲ್ಲಿ ಹೊಸದು ತುಂಬಬೇಕು, ಇಲ್ಲದಿದ್ದರೆ ಲೋಳೆ ಕಟ್ಟಿ ಮುಳ್ಳು ಸುಳ್ಳು ಹೇಳಲು ಶುರು ಮಾಡುತ್ತದೆ. ಯುದ್ಧಕ್ಕೆ ಮುಂಚೆ ಹಡಗಿನಲ್ಲಿ ಬಂದ ಬುರುಡೆ ಅದು. ಈಗ ಹಡಗುಗಳೆಲ್ಲ ಗುಂಡು ಹೊರುತ್ತಿದ್ದವು, ಇನ್ನೊಂದು ಬುರುಡೆ ಬರುವ ಮಾತಿರಲಿಲ್ಲ.

ಬಟ್ಟಿ ನೀರು ಅಂದದ್ದೇ ಒಂದು ಫಜೀತಿ. ಸಾಲುಮನೆಯ ಬೆಟ್ಟಯ್ಯ ಅನ್ನುವ ಪುಣ್ಯಾತ್ಮ ಸರ್ಕಾರದವರೇ ಬಟ್ಟಿ ಇಳಿಸಿ ಸೀಸೆ ತುಂಬಿಸಿಟ್ಟಿದ್ದಾರೆ ಅಂತ ತಿಳಿದು, ಅಂಕಯ್ಯನಿಲ್ಲದ ಹೊತ್ತು ನೋಡಿ ಅರ್ಧ ಸೀಸೆ ಏರಿಸಿದ್ದ. “ಥೂ, ಇದೇನ್ಲಾ ಅಂಕ, ಸಾರಾಯಿ ಅಂದ್ಕಂಡ್ರೆ ಸಪ್ಪೆ ನೀರು ಕಣ್ಲಾ!” ಅಂತ ಬಂದು ಜಗಳವಾಡಿದ. ಮಲ್ಲಿಗಮ್ಮ ಒಲೆಯ ಮುಂದೆ ಕೂತು ನಕ್ಕು ನಕ್ಕು ಮುದ್ದೆ ಸೀದುಹೋಗಿತ್ತು.

ಪೆಟ್ಟಿಗೆ ಅವಳ ಒಲೆಯ ಪಕ್ಕಕ್ಕೆ ಬಂದದ್ದು ಮಳೆಗಾಲದ ದೆಸೆಯಿಂದ. ಮುಂದಿನ ಪರೀಕ್ಷೆ ಕೊಠಡಿಯ ಗೋಡೆ ತೇವ ಕುಡಿದು, ತೇವಕ್ಕೆ ಮುಳ್ಳು ಮಂಕಾಯಿತು. ಬುರುಡೆಗೆ ನೀರು ಬೇಕು, ಪೆಟ್ಟಿಗೆಗೆ ನೀರಿನ ಗಾಳಿಯೂ ಆಗದು. ಇಂಥ ಸೊಸೆಯನ್ನು ಯಾವ ಮನೆಯವರು ತಾಳುತ್ತಾರೆ? ಹಿಂದಿನ ಕೋಣೆಯೇ ಅಂಕಯ್ಯನ ಮನೆ. ಅಲ್ಲಿನ ಒಲೆಯ ಗೋಡೆ ಸದಾ ಬೆಚ್ಚಗಿರುವುದನ್ನು ಕಂಡು ಸಾಹೇಬರೇ “ಇಲ್ಲೇ ಇರಲಿ” ಅಂದರು. ಅವತ್ತಿನಿಂದ ಲೋಟಕ್ಕೆ ನೀರು ಹಾಕುವ ಕೆಲಸ ತಾನಾಗಿ ಮಲ್ಲಿಗಮ್ಮನದಾಯಿತು. ಅವಳಿಗೆ ಮಕ್ಕಳಾಗಿರಲಿಲ್ಲ. ಬುರುಡೆಯನ್ನು ಅವಳು ಕೂಸು ಅಂತಲೇ ಕರೆಯುತ್ತಿದ್ದಳು.

ಮುಂದಿನ ಕೊಠಡಿಯಲ್ಲಿ ಸೀಸೆ ತೊಳೆಯುತ್ತಾ ಅಂಕಯ್ಯ ಕೂಗುತ್ತಿದ್ದ, “ಕೂಸಿಗೆ ನೀರ್ ಕೊಟ್ಯಾ?”

ಒಳಗಿನಿಂದ ರಾಗವಾಗಿ ಬರುತ್ತಿತ್ತು, “ಕೊಟ್ಟೆ ಕಣಪ್ಪಾ, ಕೊಟ್ಟೆ.”

ಗಂಡನಿಗೆ ‘ಕಣಪ್ಪ’ ಅನ್ನುವುದು ಎಲ್ಲಿಯ ಮರ್ಯಾದೆ ಅಂತ ಸಾಲುಮನೆಯ ಹೆಂಗಸರು ಮೂಗು ಮುರಿಯುತ್ತಿದ್ದರು. ಅದು ಅವಳ ತಾಯಿಯ ಮಾತು, ತಾಯಿಯದೇ ರಾಗ, ತಾಯಿಯದೇ ಗಂಟಲು. ದೊಡ್ಡತಾಯಮ್ಮ ಬಂದಾಗ ಒಲೆಯ ಮುಂದೆ ಮಾತಾಡುತ್ತಿರುವುದು ತಾಯಿಯೋ ಮಗಳೋ ಅಂತ ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ. ಸಾವಿನ ದಿನವೂ ಹಾಗೇ ಆಯಿತು. ಮಲ್ಲಿಗಮ್ಮನ ಹೆಣದ ಮುಂದೆ ಮಲ್ಲಿಗಮ್ಮನೇ ಅಳುತ್ತಿರುವ ಹಾಗೆ ಕೇಳಿ, ಅಂಕಯ್ಯ ಗೋಡೆಯ ಕಡೆ ತಿರುಗಿ ಕೂತುಬಿಟ್ಟ.

ಲೋಟಕ್ಕೆ ಅಡ್ಡ ನಿಂತಾಗ ಅವನ ಮನಸ್ಸಿನಲ್ಲಿ ಏನಿತ್ತು? ಏನೂ ಇರಲಿಲ್ಲ, ನಿಜ ಹೇಳಬೇಕೆಂದರೆ. ರೂಢಿ ಇತ್ತು. ಮಣ್ಣು ಮಾಡಿ ಬಂದ, ತಲೆ ಬೋಳಿಸಿಕೊಂಡ, ಹೇಳಿದ ಕಡೆ ಕೂತ, ಹೇಳಿದ್ದು ಉಂಡ. ದುಃಖ ಎಲ್ಲೋ ಪಕ್ಕದ ಓಣಿಯಲ್ಲಿ ಯಾರದೋ ಮನೆಗೆ ಬಂದಂತಿತ್ತು. ತಿಥಿಯಾದ ಮೇಲೆ ದೊಡ್ಡತಾಯಮ್ಮ ಅವನ ಜೊತೆ ಒಂದು ಮಾತೂ ಆಡದೆ ಕೊಪ್ಪಕ್ಕೆ ಹೊರಟುಹೋದಳು.

ಸೂತಕದ ದಿನಗಳಲ್ಲಿ ಲೋಟದ ಗೊಡವೆಗೆ ಯಾರೂ ಹೋಗಿರಲಿಲ್ಲ. ತಿಥಿಯ ನಂತರದ ಶುಕ್ರವಾರ ಬಂತು. ಅಂಕಯ್ಯ ನೀರು ಬದಲಾಯಿಸಲು ಲೋಟವನ್ನು ಕೈಗೆ ತೆಗೆದುಕೊಂಡ. ಆಗ ಅವನಿಗೆ ಹೊಳೆಯಿತು. ಈ ನೀರು ಹಾಕಿದ್ದು ಅವಳು. ಜ್ವರ ಏರಿದ್ದ ಬೆಳಗಿನ ಜಾವ ಕಂಬಳಿ ಸುತ್ತಿಕೊಂಡು ಎದ್ದು, ಗೋಡೆ ಹಿಡಿದುಕೊಂಡು ಹೋಗಿ, “ಕೂಸು ಒಣಗ್ತದೆ” ಅಂತ ಸೀಸೆ ಬಗ್ಗಿಸಿದ್ದಳು. ಹಂಡೆಯಲ್ಲಿ ಅವಳು ಸೇದಿ ತುಂಬಿಸಿದ್ದ ನೀರೆಲ್ಲ ಮೋರಿಗೆ ಹೋಗಿತ್ತು. ಗಡಿಗೆಯದು ಹೋಗಿತ್ತು. ಸೀರೆ, ಚಾಪೆ ಹೋಗಿದ್ದವು. ಲೋಕದಲ್ಲಿ ಅವಳ ಕೈಯ ನೀರು ಅಂತ ಉಳಿದಿದ್ದರೆ ಈ ಲೋಟದ್ದೊಂದೇ.

ಅಂಕಯ್ಯ ಲೋಟವನ್ನು ಮತ್ತೆ ಗೂಡಿನಲ್ಲಿಟ್ಟ. ಆ ಶುಕ್ರವಾರ ಬದಲಾಯಿಸಲಿಲ್ಲ, ಮುಂದಿನದಕ್ಕೂ ಬದಲಾಯಿಸಲಿಲ್ಲ. ನೀರು ಆರಿ ಇಳಿದಾಗ ಮಾತ್ರ ಸೀಸೆಯಿಂದ ನಾಲ್ಕು ಹನಿ ಬಿಡುತ್ತಿದ್ದ. ಹೆಪ್ಪು ಇದ್ದರೆ ಹೊಸ ಹಾಲೂ ಹಳೆಯ ಮೊಸರೇ ಆಗುವುದಿಲ್ಲವೆ, ಹಾಗೆ ಇದೂ ಅವಳದೇ ಆಗುತ್ತದೆ ಅಂದುಕೊಂಡ. ಹುಚ್ಚು ಅನ್ನಿ. ಹುಚ್ಚು ಅಂತ ಅವನಿಗೂ ಗೊತ್ತಿತ್ತು. ಲೋಟದ ಒಳಮೈಗೆ ಲೋಳೆ ಹತ್ತುವುದನ್ನು ನೋಡುತ್ತಿದ್ದ, ಬುರುಡೆ ಮಬ್ಬಾಗುವುದನ್ನು ನೋಡುತ್ತಿದ್ದ. ನೋಡಿ ಸುಮ್ಮನಿದ್ದ.

ಅಷ್ಟರಲ್ಲಿ ಕಿರುಗಾವಲಿನ ಕೆಲಸ ಬಂತು. ಅಲ್ಲಿ ಒಂದು ಕೇರಿಯವರು ವರ್ಷವೆಲ್ಲ ಕಷ್ಟಪಟ್ಟು ಹೊಸ ಬಾವಿ ತೋಡಿದ್ದರು. ನೀರೇನೋ ಬಂದಿತ್ತು, ಕುಡಿದವರಲ್ಲಿ ಕೆಲವರು ಚೆನ್ನಾಗಿದೆ ಅಂದರು, ಕೆಲವರು ಸವುಳು ಅಂದರು, ಊರು ಎರಡಾಗಿತ್ತು. ಸವುಳು ಅಂತಾದರೆ ಬಾವಿ ಮುಚ್ಚಿ ಬೇರೆ ಕಡೆ ತೋಡಬೇಕು. ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ, ಲೋಟದ ಬಾಯಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಅಂಕಯ್ಯ ಬಸ್ಸು ಹತ್ತಿದ. ಪೆಟ್ರೋಲು ಸಿಗದ ಯುದ್ಧಕಾಲದಲ್ಲಿ ಇದ್ದಿಲ ಹೊಗೆಯಿಂದ ಓಡುವ ಬಸ್ಸು ಅದು, ಪ್ರತಿ ಏರಿಗೂ ಇಳಿದು ನೂಕಬೇಕು. ಸಾಹೇಬರು ನೂಕಿದರು, ಅಂಕಯ್ಯ ಲೋಟ ಹಿಡಿದುಕೊಂಡು ಹಿಂದೆ ನಡೆದ.

ಬಾವಿಯ ಕಟ್ಟೆಯ ಸುತ್ತ ಜನ ನೆರೆದಿದ್ದರು. ಯಾವ ನೀರನ್ನೇ ಪರೀಕ್ಷಿಸಲಿ, ಮೊದಲು ಗುಣ ಗೊತ್ತಿರುವ ಸೀಸೆಯ ನೀರಿನಲ್ಲಿ ಬುರುಡೆ ಅದ್ದಿ ನೋಡುವುದು ಕ್ರಮ. ಆ ಸೀಸೆಗೆ ಮುಳ್ಳು ಏಳರ ಮೇಲೆ ನಿಲ್ಲಬೇಕು, ನಿಂತರೆ ಪೆಟ್ಟಿಗೆ ಸತ್ಯ ಹೇಳುತ್ತಿದೆ ಅಂತ ಅರ್ಥ. ಸಾಹೇಬರು ಅದ್ದಿದರು. ಮುಳ್ಳು ಎಂಟಕ್ಕೆ ಹೋಯಿತು, ಒಂಬತ್ತರ ಕಡೆ ತೆವಳಿತು, ವಾಪಸು ಬಂತು, ಎಲ್ಲಿಯೂ ನಿಲ್ಲಲಿಲ್ಲ.

“ಇದೇನು ಅಂಕಯ್ಯ? ನೀರು ಬದಲಾಯಿಸ್ತಿದ್ದೀಯ ತಾನೆ?”

“ಊಂ ಸ್ವಾಮಿ.”

ಸುಳ್ಳು ಅವನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಗಬೇಕಿತ್ತು, ಆಗಲಿಲ್ಲ. ಸಾಹೇಬರು ಬುರುಡೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಾವಿಯ ನೀರಿಗೆ ಅದನ್ನು ಅದ್ದಲೇ ಇಲ್ಲ. ಸುಳ್ಳು ಮುಳ್ಳು ನಂಬಿಕೊಂಡು ಬಾವಿ ಮುಚ್ಚಿಸಿದರೆ ಇಷ್ಟು ಜನದ ಶಾಪ ಯಾರಿಗೆ? “ಸೋಮವಾರ ಬರ್ತೇವೆ” ಅಂತ ಊರವರಿಗೆ ಹೇಳಿ ಹೊರಟರು. ಕೊಡ ಹಿಡಿದು ಬಂದಿದ್ದ ಒಬ್ಬ ಹೆಂಗಸು, “ಅಲ್ಲೀಗಂಟ ನಾವೇನು ಉಗುಳು ನುಂಗ್ಕಂಡಿರ್ಬೇಕಾ?” ಅಂತ ಹಿಂದಿನಿಂದ ಕೇಳಿದಳು.

ವಾಪಸು ಬರುವಾಗ ಸಾಹೇಬರು ಮೆತ್ತಗೆ ಹೇಳಿದರು, “ನೋಡು, ನಿನ್ನ ಮನೇಲಿ ಆಗಬಾರದ್ದು ಆಗಿದೆ, ನಾನು ಬೈಯೋದಿಲ್ಲ. ಸೋಮವಾರದ ಹೊತ್ತಿಗೆ ಮುಳ್ಳು ನಿಲ್ಲದೇ ಹೋದರೆ ಪೆಟ್ಟಿಗೇನ ಬೆಂಗಳೂರಿಗೆ ಕಳಿಸಿಬಿಡಬೇಕಾಗ್ತದೆ. ಪೆಟ್ಟಿಗೆ ಹೋದ್ರೆ ಕೊಠಡಿ ಯಾಕೆ? ಕೊಠಡಿ ಇಲ್ಲದೆ ನಾನು ನೀನು ಯಾಕೆ?” ಅಂಕಯ್ಯ ತಲೆಯಾಡಿಸಿದ. ಆ ನೀರು ಚೆಲ್ಲಿದರೆ ಎಲ್ಲ ಸರಿಹೋಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಚೆಲ್ಲಲಾರೆ ಅಂತಲೂ ಗೊತ್ತಿತ್ತು. ಎರಡೂ ಗೊತ್ತಿದ್ದು ಅವನು ಕಿಟಕಿಯ ಹೊರಗೆ ಕಬ್ಬಿನ ಗದ್ದೆಗಳನ್ನು ನೋಡುತ್ತಾ ಕೂತ.

ಭಾನುವಾರ ಬೆಳಿಗ್ಗೆ ದೊಡ್ಡತಾಯಮ್ಮ ಬಂದಳು. ಮಗಳಿಗೆ ತಿಂಗಳ ಎಡೆ ಇಡಬೇಕಿತ್ತು. ಈ ಕಲ್ಲುಮನುಷ್ಯ ಇಡುತ್ತಾನೋ ಇಲ್ಲವೋ ಅಂತ, ಅಕ್ಕಿ ಬೆಲ್ಲ ಗಂಟು ಕಟ್ಟಿಕೊಂಡು ತಾನೇ ಬಂದಿದ್ದಳು. ಬಂದವಳು ಕೈಕಾಲು ತೊಳೆದು ಒಲೆಯ ಹತ್ತಿರ ಹೋದಳು. ಗೂಡಿನ ಲೋಟ ಕಣ್ಣಿಗೆ ಬಿತ್ತು. ಒಳಗೆ ಹಸುರು ಲೋಳೆ, ಮೇಲೆ ಒಂದು ಸತ್ತ ನೊಣ.

“ಅಯ್ಯೋ ಅಯ್ಯೋ, ಇದು ಅದೇ ನೀರಾ?”

“ಅದೇಯಾ.”

“ಸೂತಕದ ನೀರ ಇನ್ನೂ ಮಡಗಿದ್ದೀಯಲ್ಲಪ್ಪ! ನಿಂಗೇನು ಬಂದಿರೋದು? ನನ್ ಮಗ್ಳು ದಾರಿ ಕಾಣದೆ ಇಲ್ಲೇ ಸುತ್ತುತಾ ಇರ್ತಾಳೆ ಕಣಪ್ಪ, ಬಾಯಾರ್ಕಂಡು!”

“ಸುತ್ಲಿ ಬುಡಿ ಅತ್ತೆ,” ಅಂದ ಅಂಕಯ್ಯ.

ದೊಡ್ಡತಾಯಮ್ಮ ಕೈಯೆತ್ತಿದವಳು ಹಾಗೇ ನಿಂತಳು. ಅವನು ನೆಲ ನೋಡುತ್ತಾ ಹೇಳಿದ, “ಅದ ಉಯ್ದಿದ್ದು ಅವಳೇಯಾ. ಆವತ್ತು ಬೆಳಿಗ್ಗೆ, ಜರದಲ್ಲೇ ಎದ್ದು. ಮಿಕ್ಕಿದ್ದೆಲ್ಲ ನೀವು ಚೆಲ್ಬುಟ್ರಿ. ಇದೊಂದ ಎಂಗೆ ಚೆಲ್ಲಾನ?”

ಧ್ವನಿಯಲ್ಲಿ ಅಳುವಿರಲಿಲ್ಲ, ಸಿಟ್ಟಿರಲಿಲ್ಲ. ಸಂತೆಯಲ್ಲಿ ಸೊಪ್ಪಿಲ್ಲ ಅಂತ ಹೇಳಿದ ಹಾಗೆ ಹೇಳಿದ. ಆದರೆ ದೊಡ್ಡತಾಯಮ್ಮ ಒಲೆಯ ಮುಂದೆ ಕುಸಿದು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

“ಕಲ್ಲೆದೆಯೋನು ಅಂತ ಊರೆಲ್ಲ ಏಳ್ಕಂಡು ಬಂದೆ ಕಣಪ್ಪ,” ಅಂದಳು ಕಡೆಗೆ. “ಕೊಪ್ಪದಲ್ಲಿ ಒಂದ್ ಮನೆ ಬುಡ್ನಿಲ್ಲ.”

“ಏಳಿದ್ರೆ ಏಳಿ. ನಂಗೂ ಅಂಗೇ ಅನ್ಸದೆ.”

ಆಕೆ ಎದ್ದು ಲೋಟದ ಹತ್ತಿರ ಮುಖ ತಂದು ನೋಡಿದಳು. ಮಬ್ಬು ನೀರಿನಲ್ಲಿ ಬುರುಡೆ ಕಂಡೂ ಕಾಣದಂತಿತ್ತು.

“ಇದೇನಾ ಅವಳ ಕೂಸು? ‘ನಂಗೂ ಒಂದು ಕೂಸದೆ ಕಣವ್ವ, ಗಾಜಿಂದು, ದಿನಾ ನೀರ್ ಕುಡೀತದೆ’ ಅಂತಿದ್ಲು ಬಂದಾಗೆಲ್ಲ. ಮಕ್ಳಿಲ್ದೆ ತಲೆ ಕೆಟ್ಟದೆ ಅಂದ್ಕಂಡು ದೇವ್ರಿಗೆ ಕಾಯಿ ಒಡಸ್ದೆ ನಾನು.” ಇದ್ದಕ್ಕಿದ್ದ ಹಾಗೆ ರೇಗಿದಳು. “ಅಲ್ಲ ಅಂಕಯ್ಯ, ಕೂಸ ಇಂಥ ಕೊಳಕು ನೀರಲ್ಲಿ ಮಲಗ್ಸಿದ್ದೀಯಲ್ಲ! ಅವಳಿದ್ದಿದ್ರೆ ಸುಮ್ನಿರ್ತಿದ್ಲಾ? ಪೊರಕೆ ತಕಂಡಿರೋಳು!”

ಹೌದು, ತೆಗೆದುಕೊಂಡಿರುತ್ತಿದ್ದಳು. ಒಂದು ಶುಕ್ರವಾರ ಅವನು ಮರೆತಿದ್ದಕ್ಕೆ ಮಧ್ಯಾಹ್ನದವರೆಗೆ ಮುದ್ದೆ ಹಾಕಿರಲಿಲ್ಲ ಅವಳು. ಅಂಕಯ್ಯನಿಗೆ ಇದು ಈ ತಿಂಗಳಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ. ಅವಳ ನೀರನ್ನು ಕಾಯುತ್ತಾ ಅವಳ ಕೂಸನ್ನೇ ಕೊಲ್ಲುತ್ತಿದ್ದೇನೆ ಅನ್ನುವುದು ಈಗ ತಲೆಗೆ ಹೋಯಿತು.

“ಏನ್ ಮಾಡಾನ ಅತ್ತೆ?”

“ನಡಿ. ನಾನೂ ಬತ್ತೀನಿ.”

ಅವನು ಬುರುಡೆಯನ್ನು ಎತ್ತಿ ಇನ್ನೊಂದು ಲೋಟದ ಹೊಸ ನೀರಿನಲ್ಲಿ ನಿಲ್ಲಿಸಿದ. ಹಳೆಯ ಲೋಟವನ್ನು ಹಿತ್ತಿಲಿಗೆ ತಂದರು. ಮಲ್ಲಿಗಮ್ಮ ನೆಟ್ಟ ಕನಕಾಂಬರದ ಗಿಡ ಅಲ್ಲಿತ್ತು, ಯಾರೂ ಬಿಡಿಸದೆ ಹೂವು ಗಿಡದಲ್ಲೇ ಬಾಡಿದ್ದವು. ದೊಡ್ಡತಾಯಮ್ಮ ಲೋಟ ಹಿಡಿದು ಬಗ್ಗಿದಳು, ಆದರೆ ಕೈ ವಾಲಲಿಲ್ಲ. ಅಷ್ಟು ಹಂಡೆ ಗಡಿಗೆ ಬಗ್ಗಿಸಿದ ಕೈ ಅದು. ಅಂಕಯ್ಯ ಆ ಕೈಯ ಕೆಳಗೆ ತನ್ನ ಕೈ ಕೊಟ್ಟು ಮೆಲ್ಲಗೆ ಓರೆ ಮಾಡಿದ. ನೀರು ಗಿಡದ ಬುಡಕ್ಕೆ ಇಳಿದು ಇಂಗಿಹೋಯಿತು. ಲೋಟವನ್ನು ಆಕೆ ಪಾತಿಯ ಪಕ್ಕ ಬೋರಲು ಹಾಕಿದಳು.

ಆಮೇಲೆ ಕೆಲಸ. ಅಂಕಯ್ಯ ಒಂದು ಗಾಜಿನ ಬಟ್ಟಲಿನಲ್ಲಿ ನೀರಿಗೆ ಎರಡು ಹನಿ ಆಸಿಡ್ ಬಿಟ್ಟು ಬುರುಡೆಯನ್ನು ಅದರಲ್ಲಿ ಆಡಿಸಿದ, ಲೋಳೆ ಬಿಡುವ ತನಕ ಕಾದ, ತೆಗೆದು ಬಟ್ಟಿ ನೀರಿನಲ್ಲಿ ಜಾಲಿಸಿದ. ಮುಟ್ಟಲು ಬಂದ ದೊಡ್ಡತಾಯಮ್ಮನಿಗೆ “ಬೆರಳು ತಾಗಿಸ್ಬ್ಯಾಡಿ, ಬೆರಳ ಜಿಡ್ಡು ಆಗಲ್ಲ ಅದಕ್ಕೆ” ಅಂದ. “ಎಳೇ ಕೂಸಿನ ನೆತ್ತಿ ಇದ್ದಂಗದೆ,” ಅಂತ ಆಕೆ ಕೈ ಹಿಂದಕ್ಕೆ ತೆಗೆದುಕೊಂಡಳು. ಬುರುಡೆಯನ್ನು ನೆನೆಯಲು ಬಿಟ್ಟು ಇಬ್ಬರೂ ಎಡೆಗೆ ಅಡಿಗೆ ಮಾಡಿದರು. ಅಕ್ಕಿ ಪಾಯಸ, ಅವರೆಕಾಳಿನ ಸಾರು. ಮಲ್ಲಿಗಮ್ಮನ ಹೆಸರಿನಲ್ಲಿ ಎಲೆ ಹಾಕಿ ಎಡೆ ಇಟ್ಟರು, ಕಾಗೆಗೆ ಹಾಕಿದರು, ಉಂಡರು. ಅಂಕಯ್ಯನಿಗೆ ಪಾಯಸ ಸಿಹಿಯೋ ಸಪ್ಪೆಯೋ ತಿಳಿಯಲಿಲ್ಲ.

ಹೊತ್ತು ಇಳಿಯುವ ಮುಂಚೆ ಅವನು ಬುರುಡೆಯನ್ನು ಗೊತ್ತಿರುವ ಸೀಸೆಯ ನೀರಿಗೆ ಅದ್ದಿದ. ಮುಳ್ಳು ಒಂದಿಷ್ಟು ತಡಕಾಡಿತು, ನಿಧಾನವಾಗಿ ಏಳರ ಮೇಲೆ ಬಂದು ನಿಂತಿತು. ಮರುದಿನ ಕಿರುಗಾವಲಿನ ಬಾವಿಗೂ ಅದು ಸತ್ಯವನ್ನೇ ಹೇಳಿತು, ಬಾವಿ ಉಳಿಯಿತು, ಆ ಬಾಯಿಬಡುಕ ಹೆಂಗಸೇ ಮೊದಲ ಕೊಡ ಸೇದಿದಳು. ಕೆಲಸ ಉಳಿಯಿತು, ಮನೆ ಉಳಿಯಿತು. ಆದರೆ ಭಾನುವಾರ ಸಂಜೆ ಮುಳ್ಳು ನಿಂತ ಆ ಗಳಿಗೆಯಲ್ಲಿ ಅಂಕಯ್ಯನಿಗೆ ಸಂತೋಷವೇನೂ ಆಗಲಿಲ್ಲ. ಸರಿಯಾಯಿತು ಅಂತ ಅನ್ನಿಸಿತು ಅಷ್ಟೆ. ಹೊಸ ಲೋಟವನ್ನು ಅತ್ತೆಯ ಮುಂದಿಟ್ಟು, ಬಟ್ಟಿ ನೀರಿನ ಸೀಸೆಯನ್ನು ತೋರಿಸಿ, “ಬುರುಡೆ ಮುಳುಗೋ ಅಷ್ಟು ಉಯ್ರಿ” ಅಂತ ಹೇಳಿ, ಬಟ್ಟಲು ತೊಳೆಯಲು ಮುಂದಿನ ಕೊಠಡಿಗೆ ಹೋದ.

ತೊಳೆಯುತ್ತಾ ತೊಳೆಯುತ್ತಾ ಕೈ ತನ್ನ ಪಾಡಿಗೆ ಓಡುತ್ತಿತ್ತು. ಬಾಯಿಯೂ ತನ್ನ ಪಾಡಿಗೆ ಕೂಗಿತು.

“ಕೂಸಿಗೆ ನೀರ್ ಕೊಟ್ಯಾ?”

ಒಳಗಿನಿಂದ, ಒಲೆಯ ಪಕ್ಕದಿಂದ, ಅದೇ ಗಂಟಲು, ಅದೇ ರಾಗ.

“ಕೊಟ್ಟೆ ಕಣಪ್ಪಾ, ಕೊಟ್ಟೆ.”

ಬಟ್ಟಲು ಕೈಜಾರಿ ಕಲ್ಲಿನ ಮೇಲೆ ಒಡೆಯಿತು. ಅಂಕಯ್ಯ ಒಳಗೆ ಬಂದ. ದೊಡ್ಡತಾಯಮ್ಮ ಸೀಸೆ ಹಿಡಿದು ನಿಂತಿದ್ದಳು. ಅವನು ಪೆಟ್ಟಿಗೆಯ ಮುಂದೆ ಕೂತು ಗೂಡಿನ ಅಂಚಿಗೆ ಹಣೆ ಕೊಟ್ಟು ಅತ್ತ. ಗಂಡಸು ಹಾಗೆ ಅಳುವುದನ್ನು ಸಾಲುಮನೆಯವರು ಕೇಳಿರಲಿಲ್ಲ, ಬೆಟ್ಟಯ್ಯ ಬಾಗಿಲ ತನಕ ಬಂದು ಹಾಗೇ ಹಿಂದಿರುಗಿದ. ಮಲ್ಲಿಗಮ್ಮ ಸತ್ತುಹೋಗಿದ್ದಾಳೆ ಅಂತ ಅವನಿಗೆ ಗೊತ್ತಾದದ್ದು ಆಗಲೇ.

ದೊಡ್ಡತಾಯಮ್ಮ ಸಮಾಧಾನ ಮಾಡಲು ಹೋಗಲಿಲ್ಲ. ಪಕ್ಕದಲ್ಲಿ ಕೂತು, ಲೋಟವನ್ನು ಅವನ ಮುಖದ ಕೆಳಗಿನಿಂದ ಮೆಲ್ಲಗೆ ಆಚೆ ಸರಿಸಿದಳು.

“ಅಳಪ್ಪ, ಚೆನ್ನಾಗಿ ಅಳು,” ಅಂದಳು. “ಕೂಸಿನ ನೀರ್ಗೆ ಮಾತ್ರ ಬೀಳಿಸ್ಬ್ಯಾಡ. ಕಣ್ಣೀರು ಉಪ್ಪು.”